ಶಾಲಾ ಸಂಘಗಳ ಇನ್‌ಸ್ಟಾಗ್ರಾಂ ಪುಟ, ವಾಟ್ಸ್‌ಆ್ಯಪ್ ಗ್ರೂಪ್ ಮತ್ತು ಹೊಸ ನಿಯಮ: ಕೊಡಗಿನ ಶಾಲೆಗಳ ಮುಂದಿರುವ ಪ್ರಶ್ನೆ

2025ರ ಕೊನೆಯ ಎರಡು ತಿಂಗಳಲ್ಲಿ ಮಕ್ಕಳು ಮತ್ತು ಸಾಮಾಜಿಕ ಜಾಲತಾಣಕ್ಕೆ ಸಂಬಂಧಿಸಿದ ಎರಡು ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ನಿಯಮಗಳನ್ನು ಪ್ರಕಟಿಸಿತು. ಡಿಸೆಂಬರ್ 10ರಂದು ಆಸ್ಟ್ರೇಲಿಯಾದಲ್ಲಿ 16 ವರ್ಷದೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ ಎಂಬ ಕಾನೂನು ಜಾರಿಗೆ ಬಂತು. ಮೊಬೈಲಿನಿಂದ ಮೊಬೈಲಿಗೆ ದಾಟುವಾಗ ಇಂಥ ಸುದ್ದಿಗಳು ಬೆರೆತುಹೋಗುವುದು ಸಹಜ. ಶಾಲೆಯ ಇಕೋ ಕ್ಲಬ್‌ನ ಇನ್‌ಸ್ಟಾಗ್ರಾಂ ಪುಟವನ್ನು ಮುಚ್ಚಬೇಕೆ, ಹಾಕಿ ತಂಡದ ಮಕ್ಕಳ ಫೋಟೊ ಹಾಕಿದರೆ ಮುಖ್ಯ ಶಿಕ್ಷಕರಿಗೆ ದಂಡ ಬೀಳುತ್ತದೆಯೆ, ವಿಜ್ಞಾನ ಸಂಘದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂಬತ್ತನೇ ತರಗತಿಯ ಮಕ್ಕಳು ಇರಬಹುದೆ ಎಂಬ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಬೇಕಾಗಿದೆ. ಪ್ರಶ್ನೆಗಳು ಒಂದೇ ಬಗೆಯವಾಗಿ ಕಂಡರೂ ಅವುಗಳ ಉತ್ತರ ಒಂದೇ ಅಲ್ಲ.

ಎರಡು ಸುದ್ದಿ, ಎರಡು ಬೇರೆ ಕಾನೂನು

ಮೊದಲಿಗೆ ಆಸ್ಟ್ರೇಲಿಯಾದ ಕಾನೂನಿಗೂ ನಮಗೂ ನೇರ ಸಂಬಂಧವಿಲ್ಲ. ಅಲ್ಲಿಯೂ ಹೊಣೆ ಇರುವುದು ಕಂಪನಿಗಳ ಮೇಲೆ. ಖಾತೆ ತೆರೆದ ಮಗುವಿಗಾಗಲಿ ಪೋಷಕರಿಗಾಗಲಿ ದಂಡವಿಲ್ಲ. ನಿಯಮ ಪಾಲಿಸದ ಕಂಪನಿಗೆ ಮಾತ್ರ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ ಬೀಳಬಹುದು. ನಿರ್ಬಂಧದ ಪಟ್ಟಿಯಲ್ಲಿ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್, ಸ್ನ್ಯಾಪ್‌ಚಾಟ್, ಟಿಕ್‌ಟಾಕ್ ಇವೆ. ವಾಟ್ಸ್‌ಆ್ಯಪ್ ಮತ್ತು ಗೂಗಲ್ ಕ್ಲಾಸ್‌ರೂಮ್ ಇಲ್ಲ. ಊರೆಲ್ಲ ನೋಡುವ ವೇದಿಕೆಯೇ ಬೇರೆ, ಪರಿಚಿತರು ಸಂದೇಶ ಕಳುಹಿಸಿಕೊಳ್ಳುವ ಅಥವಾ ಪಾಠಕ್ಕೆ ಬಳಸುವ ಸಾಧನವೇ ಬೇರೆ ಎಂದು ಆ ದೇಶ ಗೆರೆ ಎಳೆದಿದೆ. ಈ ಗೆರೆಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಚರ್ಚೆ ಸುಲಭವಾಗುತ್ತದೆ.

ನಮ್ಮಲ್ಲಿ ವಯೋಮಿತಿಯ ಮಾತು ಹೊಸದೇನೂ ಅಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ವಿಭಾಗೀಯ ಪೀಠವು ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ಮೇಲ್ಮನವಿಯ ವಿಚಾರಣೆಯ ವೇಳೆ, ಶಾಲೆಗೆ ಹೋಗುವ ಮಕ್ಕಳಿಗೆ ಸಾಮಾಜಿಕ ಜಾಲತಾಣ ಬೇಡವೆಂಬ ಅರ್ಥದ ಮಾತನ್ನು ಮೌಖಿಕವಾಗಿ ಹೇಳಿತ್ತು. ಅದು ಆದೇಶವಾಗಿರಲಿಲ್ಲ.

ನಮಗೆ ನಿಜವಾಗಿ ಅನ್ವಯಿಸುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮತ್ತು ಅದರಡಿ ರೂಪುಗೊಂಡ 2025ರ ನಿಯಮಗಳು. ಈ ಕಾಯ್ದೆಯ ಪ್ರಕಾರ 18 ವರ್ಷ ತುಂಬದ ಎಲ್ಲರೂ ಮಕ್ಕಳೇ. ಮಗುವಿನ ವೈಯಕ್ತಿಕ ಮಾಹಿತಿಯನ್ನು ಬಳಸುವ ಮೊದಲು ಪೋಷಕರ ಒಪ್ಪಿಗೆ ಪಡೆಯಬೇಕು ಮತ್ತು ಆ ಒಪ್ಪಿಗೆ ಪೋಷಕರದ್ದೇ ಎಂದು ದೃಢಪಡಿಸಿಕೊಳ್ಳುವಂತಿರಬೇಕು. ಮಕ್ಕಳ ಚಲನವಲನವನ್ನು ಹಿಂಬಾಲಿಸುವುದು, ನಡವಳಿಕೆಯ ಮೇಲೆ ನಿಗಾ ಇಡುವುದು, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದು ನಿಷಿದ್ಧ. ಮಕ್ಕಳಿಗೆ ಸಂಬಂಧಿಸಿದ ಕರ್ತವ್ಯಗಳನ್ನು ಉಲ್ಲಂಘಿಸಿದರೆ 200 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಆದರೆ ಈ ಮುಖ್ಯ ಕರ್ತವ್ಯಗಳು ಜಾರಿಗೆ ಬರುವುದಕ್ಕೆ ನಿಯಮಗಳು ಪ್ರಕಟವಾದ ದಿನದಿಂದ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಅಂದರೆ ಲೆಕ್ಕ 2027ರ ಮೇ ತಿಂಗಳಿಗೆ ಬಂದು ನಿಲ್ಲುತ್ತದೆ.

ಇಲ್ಲಿ ಬಹಳ ಜನರಿಗೆ ತಪ್ಪು ತಿಳಿವಳಿಕೆ ಆಗುತ್ತಿರುವುದು ಹೊಣೆ ಯಾರದು ಎಂಬ ವಿಷಯದಲ್ಲಿ. ಹದಿನಾಲ್ಕು ವರ್ಷದ ವಿದ್ಯಾರ್ಥಿನಿ ಸ್ವಂತ ಖಾತೆ ತೆರೆದರೆ ಆಕೆಯ ಪೋಷಕರ ಒಪ್ಪಿಗೆ ಪಡೆಯಬೇಕಾದದ್ದು ಆ ಕಂಪನಿಯ ಕೆಲಸವೇ ಹೊರತು ಶಾಲೆಯದ್ದಲ್ಲ. ಅದೇ ವಿದ್ಯಾರ್ಥಿನಿಯ ಫೋಟೊ, ಹೆಸರು, ತರಗತಿಯನ್ನು ಶಾಲೆ ತನ್ನ ಪುಟದಲ್ಲಿ ಹಾಕಿದರೆ ಅದನ್ನು ಏಕೆ, ಹೇಗೆ ಬಳಸಬೇಕೆಂದು ತೀರ್ಮಾನಿಸಿದ್ದು ಶಾಲೆ. ಆದ್ದರಿಂದ ಹೊಣೆಯೂ ಶಾಲೆಯದ್ದೇ. ಮಗಳ ಬಹುಮಾನದ ಫೋಟೊವನ್ನು ತಾಯಿ ತನ್ನ ಸ್ಟೇಟಸ್‌ನಲ್ಲಿ ಹಾಕಿಕೊಂಡರೆ ಅದು ಮನೆಯ ಮಟ್ಟಿನ ಬಳಕೆ, ಅದಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ.

ಶಿಕ್ಷಣ ಸಂಸ್ಥೆಗಳಿಗೆ ನಿಯಮಗಳಲ್ಲಿ ಒಂದು ವಿನಾಯಿತಿ ಇದೆ. ಆದ್ದರಿಂದ ಶಾಲೆಗಳು ಚಿಂತಿಸಬೇಕಾಗಿಲ್ಲ ಎಂದು ಕೆಲವರು ವಾದಿಸುತ್ತಾರೆ. ವಿನಾಯಿತಿಯ ಮಾತುಗಳನ್ನು ಗಮನವಿಟ್ಟು ಓದಬೇಕು. ಸಂಸ್ಥೆಯ ಶೈಕ್ಷಣಿಕ ಚಟುವಟಿಕೆಗಾಗಿ ಅಥವಾ ಅಲ್ಲಿ ಕಲಿಯುವ ಮಕ್ಕಳ ಸುರಕ್ಷತೆಗಾಗಿ ಮಾಡುವ ನಿಗಾವಣೆಗೆ ಮಾತ್ರ ಅದು ಸೀಮಿತ. ಹಾಜರಾತಿ ದಾಖಲಿಸುವುದು, ಕಲಿಕೆಯ ಪ್ರಗತಿ ಗಮನಿಸುವುದು ಇದರೊಳಗೆ ಬರುತ್ತವೆ ಎಂದು ಧೈರ್ಯವಾಗಿ ಹೇಳಬಹುದು. ಸಂಘದ ಕಾರ್ಯಕ್ರಮದ ರೀಲ್ಸ್ ಮಾಡಿ ಊರಿಗೆಲ್ಲ ತೋರಿಸುವುದು ಬರುತ್ತದೆ ಎನ್ನಲು ಆ ಪದಗಳಲ್ಲಿ ಆಧಾರ ಕಾಣುವುದಿಲ್ಲ.

ಸಂಘಗಳು ಜಾಲತಾಣಕ್ಕೆ ಬಂದ ದಾರಿ

ನಮ್ಮ ಶಾಲೆಗಳಲ್ಲಿ ಸಂಘಗಳಿಗೆ ಕೊರತೆಯಿಲ್ಲ. ರಾಷ್ಟ್ರೀಯ ಹಸಿರು ಪಡೆಯ ಇಕೋ ಕ್ಲಬ್‌ಗಳು 2001-02ರಿಂದ ಇವೆ. ಮತದಾರರ ಸಾಕ್ಷರತಾ ಸಂಘಗಳು 2018ರಲ್ಲಿ ಬಂದವು. ಸಾಹಿತ್ಯ ಸಂಘ, ವಿಜ್ಞಾನ ಸಂಘ, ಸ್ಕೌಟ್ಸ್ ಮತ್ತು ಗೈಡ್ಸ್ ಇವಕ್ಕಿಂತ ಹಳೆಯವು. ಕೊಡಗಿನಲ್ಲಿ ಇವುಗಳ ಜೊತೆಗೆ ಹಾಕಿ ಇದ್ದೇ ಇದೆ.

ಹಿಂದೆ ಇವುಗಳ ಸುದ್ದಿ ಊರಿಗೆ ತಿಳಿಯುತ್ತಿದ್ದುದು ಮಡಿಕೇರಿಯಿಂದ ಹೊರಡುವ 'ಶಕ್ತಿ' ದಿನಪತ್ರಿಕೆಯ ಮೂಲಕ, ಮಡಿಕೇರಿ ಆಕಾಶವಾಣಿಯ ಮೂಲಕ, ಇಲ್ಲವೇ ಶಾಲಾ ವಾರ್ಷಿಕೋತ್ಸವದ ವರದಿಯ ಮೂಲಕ. ಅಲ್ಲೆಲ್ಲ ಸುದ್ದಿಗೂ ಓದುಗರಿಗೂ ನಡುವೆ ಒಬ್ಬರು ಇರುತ್ತಿದ್ದರು. ಯಾವ ಫೋಟೊ ಬೇಕು, ಯಾವುದು ಬೇಡ ಎಂದು ಅವರು ನಿರ್ಧರಿಸುತ್ತಿದ್ದರು. ಮರುದಿನ ಆ ಪತ್ರಿಕೆ ಹಳೆಯದಾಗುತ್ತಿತ್ತು. ಈಗ ನಡುವೆ ಯಾರೂ ಇಲ್ಲ, ಹಾಕಿದ್ದು ಹಳೆಯದಾಗುವುದೂ ಇಲ್ಲ. ಆರನೇ ತರಗತಿಯ ಹುಡುಗನ ಫೋಟೊ ಅವನು ಕಾಲೇಜು ಮುಗಿಸುವಾಗಲೂ ಹುಡುಕಿದರೆ ಸಿಗುತ್ತದೆ, ಅದನ್ನು ಯಾರು ಬೇಕಾದರೂ ಉಳಿಸಿಕೊಂಡು ತಿದ್ದಬಹುದು.

ಫೋಟೊಗಳು ಹೀಗೆ ಜಾಲತಾಣಕ್ಕೆ ಬರುವುದಕ್ಕೆ ಆಡಳಿತದ ಕಾರಣವೂ ಸೇರಿಕೊಂಡಿದೆ. ಚಟುವಟಿಕೆ ನಡೆದದ್ದಕ್ಕೆ ಫೋಟೊವೇ ಪುರಾವೆ ಎಂಬ ಆಡಳಿತದ ಪದ್ಧತಿ ಬೆಳೆದಿದೆ. 2024ರ ಜೂನ್ 5ರಂದು ಆರಂಭವಾದ 'ಏಕ್ ಪೇಡ್ ಮಾ ಕೆ ನಾಮ್' (ತಾಯಿಯ ಹೆಸರಿನಲ್ಲಿ ಒಂದು ಗಿಡ) ಅಭಿಯಾನದಲ್ಲಿ ಇಕೋ ಕ್ಲಬ್‌ಗಳು ಗಿಡ ನೆಟ್ಟ ಫೋಟೊಗಳನ್ನು ಪೋರ್ಟಲ್‌ಗೆ ಏರಿಸುವ ವ್ಯವಸ್ಥೆಯಿತ್ತು. ಹೇಗಿದ್ದರೂ ಫೋಟೊ ತೆಗೆಯಲೇಬೇಕು, ತೆಗೆದ ಮೇಲೆ ಪೋಷಕರ ಗ್ರೂಪಿಗೂ ಹಾಕೋಣ, ಶಾಲೆಯ ಪುಟಕ್ಕೂ ಹಾಕೋಣ ಎಂಬುದು ಶಿಕ್ಷಕರ ಸಹಜ ಲೆಕ್ಕಾಚಾರ. ಅವರನ್ನು ದೂರುವುದು ನ್ಯಾಯವಲ್ಲ. ಅವರಿಂದ ಕೇಳಿದ್ದೇ ಫೋಟೊ.

ಬೇಕು ಎನ್ನುವವರು, ಬೇಡ ಎನ್ನುವವರು

ಜಾಲತಾಣ ಬೇಕು ಎನ್ನುವವರ ವಾದದಲ್ಲಿ ಬಲವಿದೆ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಿರುವಾಗ, ನಮ್ಮ ಶಾಲೆಯಲ್ಲಿಯೂ ಇಷ್ಟೆಲ್ಲ ನಡೆಯುತ್ತದೆ ಎಂದು ತೋರಿಸಲು ದುಡ್ಡಿಲ್ಲದೆ ಸಿಗುವ ದಾರಿ ಇದೊಂದೇ. ಹಳೆಯ ವಿದ್ಯಾರ್ಥಿಗಳು ಬೆಂಗಳೂರಿನಲ್ಲಿಯೋ ಕೊಲ್ಲಿ ದೇಶಗಳಲ್ಲಿಯೋ ಸೇನೆಯಲ್ಲಿಯೋ ಇದ್ದುಕೊಂಡು ಹಾಕಿ ಸ್ಟಿಕ್, ಗ್ರಂಥಾಲಯದ ಪುಸ್ತಕ ಕಳುಹಿಸುವುದು ಇಂಥ ಪುಟಗಳನ್ನು ನೋಡಿದ ಮೇಲೆಯೇ. ಕೂಡಿಗೆಯ ಸೈನಿಕ ಶಾಲೆ, ಗಾಳಿಬೀಡಿನ ನವೋದಯ ವಿದ್ಯಾಲಯದಂಥ ವಸತಿ ಶಾಲೆಗಳಲ್ಲಿ ಮಕ್ಕಳನ್ನು ಬಿಟ್ಟ ದೂರದೂರಿನ ತಂದೆ ತಾಯಂದಿರಿಗೆ ಮಗುವಿನ ಒಂದು ಫೋಟೊ ಎಷ್ಟು ಸಮಾಧಾನ ಕೊಡುತ್ತದೆ ಎಂಬುದನ್ನೂ ಮರೆಯಬಾರದು. ಮಕ್ಕಳಿಗೂ ಅವರದೇ ವಾದವಿದೆ: ಸಂಘ ನಮ್ಮದು ಎಂದ ಮೇಲೆ ಅದರ ಪುಟವನ್ನು ನಾವು ಏಕೆ ನಡೆಸಬಾರದು?

ಬೇಡ ಎನ್ನುವವರು ಮುಂದಿಡುವ ಅಪಾಯಗಳೂ ನಿಜವಾದವು. ಸಮವಸ್ತ್ರದ ಮೇಲಿನ ಲಾಂಛನ, ಕೊರಳಲ್ಲಿ ನೇತಾಡುವ ಗುರುತಿನ ಚೀಟಿ, ಕೆಳಗೆ ಬರೆದ ಹೆಸರು ಮತ್ತು ತರಗತಿ, 'ಪ್ರತಿ ಶನಿವಾರ ಮಧ್ಯಾಹ್ನ ಮೈದಾನದಲ್ಲಿ ಅಭ್ಯಾಸ' ಎಂಬ ಸಾಲು ಇವು ಒಟ್ಟಿಗೆ ಸೇರಿದರೆ ಅಪರಿಚಿತನೊಬ್ಬನಿಗೆ ಆ ಮಗುವನ್ನು ಎಲ್ಲಿ, ಯಾವಾಗ ಹುಡುಕಬೇಕೆಂಬುದು ತಿಳಿಯುತ್ತದೆ. ಮುಖ್ಯ ರಸ್ತೆಯಿಂದ ತೋಟದ ನಡುವೆ ಒಂದೆರಡು ಕಿಲೋಮೀಟರ್ ನಡೆದು ಮನೆ ಸೇರುವ ಮಕ್ಕಳು ಇರುವ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಫೋಟೊವನ್ನು ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಅಶ್ಲೀಲವಾಗಿ ತಿರುಚುವುದು ಈಗ ಪರಿಣತಿಯೇ ಬೇಡದ ಕೆಲಸವಾಗಿದೆ. ಹಾಗೆ ಆದಾಗ 1930 ಸಂಖ್ಯೆಗೆ ಕರೆ ಮಾಡಿ ಸೈಬರ್ ದೂರು ಕೊಡಬಹುದು, 1098 ಮಕ್ಕಳ ಸಹಾಯವಾಣಿ ಇದೆ. ಆದರೆ ಅದು ಹಾನಿಯಾದ ನಂತರದ ಮಾತು.

ಶಿಕ್ಷಕರ ಆತಂಕ ಬೇರೆ ತೆರನದ್ದು. ಗ್ರೂಪಿಗೆ ಯಾರೋ ಕೆಟ್ಟದ್ದನ್ನು ಹಾಕಿದರೆ ಅಡ್ಮಿನ್ ಆದ ತಪ್ಪಿಗೆ ತಾವು ಜೈಲಿಗೆ ಹೋಗಬೇಕಾಗುತ್ತದೆಯೆ? 2022ರ ಫೆಬ್ರುವರಿಯಲ್ಲಿ ಕೇರಳ ಹೈಕೋರ್ಟ್, ಸದಸ್ಯನೊಬ್ಬ ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಆಗಿರುವುದೊಂದೇ ಕಾರಣಕ್ಕೆ ಯಾರನ್ನೂ ಹೊಣೆ ಮಾಡಲಾಗದು ಎಂದು ಸ್ಪಷ್ಟಪಡಿಸಿದೆ. ಆ ಪ್ರಕರಣದಲ್ಲಿ ಗ್ರೂಪಿಗೆ ಬಂದದ್ದು ಮಕ್ಕಳ ಅಶ್ಲೀಲ ವಿಡಿಯೊ ಆಗಿತ್ತು ಎಂಬುದರಿಂದ ಈ ತೀರ್ಪಿಗೆ ಹೆಚ್ಚಿನ ತೂಕವಿದೆ. ಹಾಗೆಂದು ಕಂಡದ್ದನ್ನು ಅಳಿಸದೆ, ತಿಳಿಸದೆ ಸುಮ್ಮನಿರುವುದಕ್ಕೆ ಇದು ಪರವಾನಗಿಯಲ್ಲ.

ಪ್ರಚಾರ ಬೇರೆ, ನಿರ್ವಹಣೆ ಬೇರೆ

ಎರಡೂ ಕಡೆಯವರು 'ಜಾಲತಾಣ' ಎಂಬ ಒಂದೇ ಪದವನ್ನು ಬಳಸಿ ಎರಡು ಕೆಲಸಗಳ ಬಗ್ಗೆ ಮಾತನಾಡುತ್ತಿದ್ದಾರೆ. ಸಂಘದ ಕೆಲಸವನ್ನು ಹೊರಗಿನವರಿಗೆ ತಿಳಿಸುವುದು ಪ್ರಚಾರ. ನಾಳೆ ಸಭೆ ಎಷ್ಟು ಗಂಟೆಗೆ, ಯಾರು ಏನು ತರಬೇಕು, ಯಾವ ಗುಂಪಿಗೆ ಯಾವ ಕೆಲಸ ಎಂದು ಒಳಗಿನವರಿಗೆ ತಿಳಿಸುವುದು ನಿರ್ವಹಣೆ. ಪ್ರಚಾರಕ್ಕೆ ಹೆಚ್ಚು ಜನ ನೋಡಿದಷ್ಟೂ ಒಳ್ಳೆಯದು, ನಿರ್ವಹಣೆಯನ್ನು ಬೇಕಾದವರ ಹೊರತು ಯಾರೂ ನೋಡಬಾರದು. ಈ ಎರಡನ್ನೂ ಒಂದೇ ಜಾಗದಲ್ಲಿ ಮಾಡಹೊರಟದ್ದರಿಂದ ಬಹುಪಾಲು ಗೊಂದಲ ಹುಟ್ಟಿದೆ.

ಒಂದು ಸಾಮಾನ್ಯ ವಾಟ್ಸ್‌ಆ್ಯಪ್ ಗ್ರೂಪನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಎಲ್ಲ ಸದಸ್ಯರ ಫೋನ್ ಸಂಖ್ಯೆ ಎಲ್ಲರಿಗೂ ಕಾಣುತ್ತದೆ. ಸಂಘದ ಮಕ್ಕಳು, ಅವರ ಪೋಷಕರು, ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು, ದಾನಿಗಳು ಎಲ್ಲರೂ ಅಲ್ಲಿದ್ದರೆ, ಹೈಸ್ಕೂಲು ಹುಡುಗಿಯೊಬ್ಬಳ ಸಂಖ್ಯೆ ಆಕೆಗೆ ಪರಿಚಯವೇ ಇಲ್ಲದ ನೂರಾರು ಜನರ ಕೈಗೆ ಹೋದಂತಾಯಿತು. ಅದೇ ಕೆಲಸಕ್ಕೆ ವಾಟ್ಸ್‌ಆ್ಯಪ್ ಚಾನೆಲ್ ಬಳಸಿದರೆ ಒಬ್ಬ ಅನುಯಾಯಿಯ ಸಂಖ್ಯೆ ಇನ್ನೊಬ್ಬನಿಗೆ ಕಾಣುವುದಿಲ್ಲ. ಗ್ರೂಪೇ ಬೇಕೆಂದರೆ ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಬದಲಿಸಬಹುದು, ಸದಸ್ಯರನ್ನಾಗಿ ಪೋಷಕರನ್ನು ಮಾತ್ರ ಸೇರಿಸಬಹುದು. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಎರಡರಲ್ಲೂ ಕನಿಷ್ಠ ವಯಸ್ಸು 13 ಎಂದು ಕಂಪನಿಯ ನಿಯಮವೇ ಹೇಳುವಾಗ ಆರು, ಏಳನೇ ತರಗತಿಯ ಮಕ್ಕಳಿರುವ ಸಂಘಕ್ಕೆ ಮಕ್ಕಳದೇ ಗ್ರೂಪ್ ಮಾಡುವುದು ಹೊಸ ಕಾಯ್ದೆ ಬರುವ ಮೊದಲೇ ಸರಿಯಿರಲಿಲ್ಲ.

ಸಾರ್ವಜನಿಕ ಪುಟದ ವಿಷಯದಲ್ಲಿ ಮಕ್ಕಳ ವಾದಕ್ಕೆ ಹೀಗೆ ಉತ್ತರಿಸಬಹುದು: ಏನನ್ನು ಹೇಳಬೇಕು, ಹೇಗೆ ಬರೆಯಬೇಕು, ಯಾವ ಚಿತ್ರ ಎಂಬುದನ್ನು ಸಂಘದ ಮಕ್ಕಳೇ ಸಿದ್ಧಪಡಿಸಲಿ, ಖಾತೆ ಶಾಲೆಯ ಹೆಸರಿನಲ್ಲಿ ಇರಲಿ, ಪ್ರಕಟಿಸುವ ಗುಂಡಿಯನ್ನು ಹೊಣೆಗಾರ ಶಿಕ್ಷಕರು ಒತ್ತಲಿ, ಬರುವ ಖಾಸಗಿ ಸಂದೇಶಗಳನ್ನು ಅವರೇ ನೋಡಲಿ. ಹಿಂದೆ ಶಾಲೆಯ ಗೋಡೆ ಪತ್ರಿಕೆ ನಡೆಯುತ್ತಿದ್ದುದೂ ಹೀಗೆಯೇ.

ಒಪ್ಪಿಗೆ, ಅದೂ ಯಾವ ಭಾಷೆಯಲ್ಲಿ?

ದಾಖಲಾತಿ ಅರ್ಜಿಯ ಕೊನೆಯಲ್ಲಿ 'ಮಗುವಿನ ಫೋಟೊ ಬಳಸಲು ಅಭ್ಯಂತರವಿಲ್ಲ' ಎಂಬ ಒಂದು ಸಾಲು ಸೇರಿಸಿ ಸಹಿ ಹಾಕಿಸಿಕೊಂಡರೆ ಮುಗಿಯಿತು ಎಂದು ಭಾವಿಸುವವರಿದ್ದಾರೆ. ಮುಗಿಯುವುದಿಲ್ಲ. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ವಿಷಯ ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು ಎಂದು ಕಾಯ್ದೆ ಹೇಳುತ್ತದೆ. ಸಹಿ ಹಾಕದಿದ್ದರೆ ದಾಖಲಾತಿ ಇಲ್ಲ ಎಂಬ ಭಾವನೆ ಇರುವಲ್ಲಿ ಅದು ಮುಕ್ತವಲ್ಲ. ಯಾವ ಫೋಟೊ, ಎಲ್ಲಿ, ಎಷ್ಟು ಕಾಲ ಎಂದು ಹೇಳದಿದ್ದರೆ ಅದು ನಿರ್ದಿಷ್ಟವಲ್ಲ. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕೂ ಇದೆ, ಮಾಹಿತಿಯನ್ನು ಅಳಿಸಿ ಎಂದು ಕೇಳುವ ಹಕ್ಕೂ ಇದೆ. ಅಂದರೆ ಪೋಷಕರೊಬ್ಬರು 'ಆ ಫೋಟೊ ತೆಗೆಯಿರಿ' ಎಂದರೆ ತೆಗೆಯಬಲ್ಲವರು ಶಾಲೆಯಲ್ಲಿ ಇರಬೇಕು, ಎಲ್ಲೆಲ್ಲಿ ಹಾಕಿದ್ದೇವೆ ಎಂಬ ಲೆಕ್ಕವೂ ಇರಬೇಕು.

ಕೊಡಗಿನಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. ಒಪ್ಪಿಗೆ ಕೋರುವ ಪತ್ರವನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ತಮಗೆ ಬೇಕಾದುದರಲ್ಲಿ ಓದುವ ಅವಕಾಶ ಪೋಷಕರಿಗೆ ಇರಬೇಕು ಎಂದು ಕಾಯ್ದೆ ಹೇಳುತ್ತದೆ. ಕನ್ನಡ, ಮಲಯಾಳ, ತಮಿಳು ಆ ಪಟ್ಟಿಯಲ್ಲಿವೆ. ಕಾಫಿ ತೋಟಗಳಿಗೆ ಕೆಲಸಕ್ಕೆ ಬಂದಿರುವ ಅಸ್ಸಾಂ ಕಡೆಯ ಕುಟುಂಬಗಳ ಅಸ್ಸಾಮಿ, ಬಂಗಾಳಿಯೂ ಇವೆ. ಆದರೆ ಕೊಡವ ತಕ್ಕ್ ಇಲ್ಲ, ಅರೆಭಾಷೆ ಇಲ್ಲ, ತುಳು ಇಲ್ಲ, ಹಾಡಿಗಳ (ಬುಡಕಟ್ಟು ಜನರ ವಸತಿಗಳ) ಯರವ ಮತ್ತು ಜೇನುಕುರುಬರ ಮಾತು ಇಲ್ಲ. ಕೊಡವ, ಅರೆಭಾಷೆ ಮಾತನಾಡುವವರಲ್ಲಿ ಬಹುತೇಕರು ಕನ್ನಡ ಓದಬಲ್ಲರು, ಅಲ್ಲಿ ತೊಂದರೆ ಕಡಿಮೆ. ಓದು ಬರಹ ಬಾರದ ತಾಯಿಯೊಬ್ಬಳು ಹೆಬ್ಬೆಟ್ಟು ಒತ್ತುವಲ್ಲಿ ಕಾಗದದ ಮೇಲಿನ ಮಾತು ಎಷ್ಟು ಅಚ್ಚುಕಟ್ಟಾಗಿದ್ದರೂ ಅದು ವಿಷಯ ತಿಳಿದು ಕೊಟ್ಟ ಒಪ್ಪಿಗೆ ಆಗುವುದಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿಯೋ ಪೋಷಕರ ಸಭೆಯಲ್ಲಿಯೋ ಆಕೆಯ ಮಾತಿನಲ್ಲೇ ವಿವರಿಸಿ, ಬೇಡ ಎನ್ನುವ ಅವಕಾಶವನ್ನೂ ಕೊಡಬೇಕು. ಕಾನೂನಿನ ಅಕ್ಷರಕ್ಕಿಂತ ಇದು ಒಂದು ಹೆಜ್ಜೆ ಮುಂದೆ ಹೋದಂತೆ; ಆದರೆ ಹೋಗಲೇಬೇಕಾದ ಹೆಜ್ಜೆ.

ನೆಟ್‌ವರ್ಕ್ ಇಲ್ಲದ ದಿನ, ಫೋನ್ ಇಲ್ಲದ ಕೈ

ಕಾನೂನನ್ನು ಬದಿಗಿಟ್ಟರೂ, ಸಂಘವನ್ನು ಪೂರ್ತಿಯಾಗಿ ಫೋನಿನ ಮೇಲೆ ನಡೆಸುವುದು ಈ ಜಿಲ್ಲೆಗೆ ಹೊಂದುವುದಿಲ್ಲ. ಜುಲೈ, ಆಗಸ್ಟ್‌ನ ಗಾಳಿ ಮಳೆಗೆ ಮರ ಬಿದ್ದು ವಿದ್ಯುತ್ ಹೋದರೆ ಕೆಲವು ಊರುಗಳಲ್ಲಿ ದಿನಗಟ್ಟಲೆ ಬರುವುದಿಲ್ಲ, ಟವರ್ ಕೂಡ ಅದರ ಹಿಂದೆಯೇ ಸುಮ್ಮನಾಗುತ್ತದೆ. ಮಳೆ ರಜೆಯ ಹಳೆಯ ಆದೇಶಕ್ಕೆ ದಿನಾಂಕ ತಿದ್ದಿ ಹಂಚುವ ಕೆಟ್ಟ ಚಾಳಿಯೂ ಆ ದಿನಗಳಲ್ಲೇ ಹೆಚ್ಚು. ಸಂಘದ ಸಭೆ ಇದೆಯೋ ಇಲ್ಲವೋ ಎಂಬುದನ್ನು ಗ್ರೂಪಿನಲ್ಲಿ ಮಾತ್ರ ತಿಳಿಸುವ ಪದ್ಧತಿ ಇದ್ದರೆ, ಆ ದಿನಗಳಲ್ಲಿ ತಿಳಿಯಬೇಕಾದವರಿಗೇ ತಿಳಿಯುವುದಿಲ್ಲ.

ಇನ್ನೂ ಆಳವಾದ ಸಮಸ್ಯೆ ಫೋನ್ ಯಾರ ಕೈಯಲ್ಲಿದೆ ಎಂಬುದು. ದೇಶದ ಗ್ರಾಮೀಣ ಭಾಗದ ಮಕ್ಕಳ ಬಗೆಗಿನ 'ಅಸರ್ 2024' ಸಮೀಕ್ಷೆಯ ಪ್ರಕಾರ 14ರಿಂದ 16 ವರ್ಷದವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಆದರೆ ಬಳಸಬಲ್ಲವರ ಪೈಕಿ ಸ್ವಂತ ಫೋನ್ ಇರುವ ಹುಡುಗರು ಶೇ 36ರಷ್ಟಾದರೆ ಹುಡುಗಿಯರು ಶೇ 27ರಷ್ಟು. ಸಾಮಾಜಿಕ ಜಾಲತಾಣ ಬಳಸುವವರಲ್ಲಿ ಖಾತೆಯನ್ನು ಖಾಸಗಿ ಮಾಡಿಕೊಳ್ಳಲು ಬಲ್ಲವರು ಶೇ 55ರಷ್ಟು ಮಾತ್ರ. ಇದರ ಪರಿಣಾಮವನ್ನು ಬಿಡಿಸಿ ನೋಡಬೇಕು. ನಾಟಕದ ಪಾತ್ರಕ್ಕೆ, ಚರ್ಚಾ ಸ್ಪರ್ಧೆಗೆ, ಚಾರಣಕ್ಕೆ ಹೆಸರು ಕೊಡುವುದು ಗ್ರೂಪಿನಲ್ಲಿ ಎಂದಾದರೆ ಮೊದಲು ಹೆಸರು ಕೊಡುವವರು ಕೈಯಲ್ಲಿ ಫೋನ್ ಇರುವವರು. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಅಪ್ಪನ ಒಂದೇ ಫೋನ್ ಇದ್ದು, ಅದು ಅಪ್ಪನ ಜೊತೆ ತೋಟಕ್ಕೆ ಹೋಗಿ ಸಂಜೆ ಮರಳುವ ಮನೆಯ ಹುಡುಗಿಗೆ ಸುದ್ದಿ ತಿಳಿಯುವಷ್ಟರಲ್ಲಿ ಪಟ್ಟಿ ತುಂಬಿರುತ್ತದೆ. ಆಕೆಗೆ ಆಸಕ್ತಿ ಇಲ್ಲ ಎಂದು ಶಾಲೆ ತಿಳಿಯುತ್ತದೆ, ಸಂಘ ತನ್ನಂಥವರಿಗಲ್ಲ ಎಂದು ಆಕೆ ತಿಳಿಯುತ್ತಾಳೆ. ತರಗತಿಯಲ್ಲಿ ಹಿಂಜರಿಯುವ ಮಗು ಮುಂದೆ ಬರಲೆಂದೇ ಇರುವ ಸಂಘ, ಹೀಗೆ ಯಾರೂ ಬಯಸದೆಯೇ ಆ ಮಗುವನ್ನು ಹೊರಗೆ ನಿಲ್ಲಿಸಿಬಿಡುತ್ತದೆ. ಬೆಳಗಿನ ಪ್ರಾರ್ಥನೆಯಲ್ಲಿ ಹೇಳುವುದು, ಸೂಚನಾ ಫಲಕದಲ್ಲಿ ಬರೆಯುವುದು ಮೊದಲು, ಫೋನ್ ಸಂದೇಶ ಅದರ ಪ್ರತಿ ಮಾತ್ರ ಎಂಬ ಕ್ರಮವನ್ನು ಇಟ್ಟುಕೊಂಡರೆ ಇದು ತಪ್ಪುತ್ತದೆ.

ಮುಖ ತೋರಿಸದೆ ಹೇಳಬಹುದಾದದ್ದು

ಮಕ್ಕಳ ಮುಖವಿಲ್ಲದ ಪುಟವನ್ನು ಯಾರು ನೋಡುತ್ತಾರೆ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಕೊಡಗಿನಲ್ಲೇ ಒಳ್ಳೆಯ ಉತ್ತರವಿದೆ. ಇಲ್ಲಿನ ಕಾಫಿ ಬೆಳೆಗಾರರು ಜನವರಿ 1ರಿಂದ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ) ಅಳೆದು ಬರೆದಿಡುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಎಲ್ಲಿ ಎಷ್ಟು ಬಿತ್ತು ಎಂಬುದು ಫೆಬ್ರುವರಿ, ಮಾರ್ಚ್‌ನಲ್ಲಿ ಮನೆಮನೆಯ ಮಾತು. ಶಾಲೆಯ ವಿಜ್ಞಾನ ಸಂಘವೊಂದು ಅಂಗಳದಲ್ಲಿ ಮಳೆಮಾಪಕ ಇಟ್ಟು, ದಿನವೂ ಬೆಳಗ್ಗೆ ಅಳೆದು, ಮಕ್ಕಳ ಕೈಬರಹದ ಹಲಗೆಯ ಫೋಟೊವನ್ನು ಪುಟದಲ್ಲಿ ಹಾಕಿದರೆ ಅದನ್ನು ನೋಡಲು ಇಡೀ ಹೋಬಳಿಗೆ ಕಾರಣವಿರುತ್ತದೆ. ಅದರಲ್ಲಿ ಒಂದು ಮಗುವಿನ ಹೆಸರೂ ಬೇಕಿಲ್ಲ. ಮಕ್ಕಳು ಕಲಿಯುವುದು ಅಳತೆಯ ಶಿಸ್ತನ್ನು, ಸಿಗುವುದು ಊರಿಗೆ ಬೇಕಾದ ಮಾಹಿತಿ.

ಇಕೋ ಕ್ಲಬ್‌ಗೂ ಇದೇ ಮಾತು ಅನ್ವಯಿಸುತ್ತದೆ. ಜೂನ್‌ನಲ್ಲಿ ಗಿಡದ ಸುತ್ತ ಹತ್ತು ಜನ ನಿಂತ ಫೋಟೊ ಲೈಕ್ ತರುತ್ತದೆ, ಗಿಡ ಬದುಕಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಅದೇ ಗಿಡದ ಚಿತ್ರವನ್ನು ತಿಂಗಳಿಗೊಮ್ಮೆ ಅದೇ ಕೋನದಿಂದ ತೆಗೆದು ಹಾಕುತ್ತ ಬಂದರೆ ಮಾರ್ಚ್‌ನ ಬಿಸಿಲಿನಲ್ಲಿ ಎಷ್ಟು ಉಳಿದವು, ಎಷ್ಟು ಒಣಗಿದವು, ದನ ಮೇಯ್ದದ್ದು ಎಷ್ಟು ಎಂಬ ಲೆಕ್ಕ ಎಲ್ಲರ ಮುಂದಿರುತ್ತದೆ. ಯಾವುದನ್ನು ತೋರಿಸುತ್ತೇವೋ ಅದನ್ನೇ ಹೆಚ್ಚು ಮಾಡುತ್ತ ಹೋಗುತ್ತೇವೆ. ಫೋಟೊಕ್ಕೆ ಒಪ್ಪುವ ಕೆಲಸವೇ ಸಂಘದ ಕೆಲಸವಾಗಿಬಿಡುವ ಅಪಾಯವನ್ನು ಈ ಬದಲಾವಣೆ ತಡೆಯುತ್ತದೆ. ಹಾಕಿ ತಂಡ ಗೆದ್ದಾಗ ಫೋಟೊ ಬೇಡವೇ ಎಂದರೆ, ಖಂಡಿತ ಬೇಕು. ಒಪ್ಪಿಗೆ ಕೊಟ್ಟವರ ತಂಡದ ಫೋಟೊ ಹಾಕಬಹುದು, ಯಾರು ಎಲ್ಲಿ ನಿಂತಿದ್ದಾರೆಂಬ ಹೆಸರಿನ ಸಾಲು ಬಿಡಬಹುದು, ಫಲಿತಾಂಶವನ್ನು ಪಂದ್ಯ ಮುಗಿದು ಮಕ್ಕಳು ಮನೆ ಸೇರಿದ ಮೇಲೆ ಪ್ರಕಟಿಸಬಹುದು.

ಖಾತೆ ಯಾರ ಹೆಸರಿನಲ್ಲಿದೆ?

ಬಹಳ ಕಡೆ ಸಂಘದ ಪುಟ ಇರುವುದು ಉತ್ಸಾಹಿ ಶಿಕ್ಷಕರೊಬ್ಬರ ಸ್ವಂತ ಫೋನ್ ಸಂಖ್ಯೆಯಲ್ಲಿ, ಇಲ್ಲವೇ ಹತ್ತನೇ ತರಗತಿ ಮುಗಿಸಿ ಹೋದ ವಿದ್ಯಾರ್ಥಿಯ ಇಮೇಲ್‌ನಲ್ಲಿ. ಶಿಕ್ಷಕರಿಗೆ ವರ್ಗಾವಣೆ ಆದಾಗ ಪಾಸ್‌ವರ್ಡ್ ಅವರೊಂದಿಗೆ ಹೋಗುತ್ತದೆ. ಹಿಂದಿನ ವರ್ಷಗಳ ಮಕ್ಕಳ ನೂರಾರು ಫೋಟೊಗಳು ಮಾತ್ರ ಶಾಲೆಯ ಹೆಸರಿನಲ್ಲಿ ಎಲ್ಲರಿಗೂ ಕಾಣುವಂತೆ ಉಳಿಯುತ್ತವೆ. ಆಗ ಪೋಷಕರು ಅಳಿಸಿ ಎಂದು ಕೇಳಿದರೂ ಅಳಿಸಲು ಯಾರಿಗೂ ಸಾಧ್ಯವಾಗುವುದಿಲ್ಲ. ಹೊಸ ನಿಯಮದಡಿ ಶಾಲೆಗೆ ಮೊದಲು ತೊಂದರೆ ಕೊಡುವುದು ಹೊಸ ಪೋಸ್ಟ್‌ಗಿಂತ ಹೆಚ್ಚಾಗಿ ಇಂಥ ವಾರಸುದಾರರಿಲ್ಲದ ಹಳೆಯ ಪುಟಗಳೇ. ಆದ್ದರಿಂದ ಶಾಲೆಯದೇ ಇಮೇಲ್‌ಗೆ ಖಾತೆಯನ್ನು ಬದಲಿಸುವುದು, ಇಬ್ಬರು ಶಿಕ್ಷಕರಿಗೆ ಅಧಿಕಾರ ಕೊಡುವುದು, ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಬೀರುವಿನ ಕೀಲಿಯ ಜೊತೆಗೆ ಇದನ್ನೂ ಬರೆಯುವುದು, ಶಾಲೆ ಬಿಟ್ಟುಹೋದ ಮಕ್ಕಳ ಫೋಟೊಗಳನ್ನು ವರ್ಷದ ಕೊನೆಗೆ ತೆಗೆಯುವುದು ಈಗಲೇ ಆಗಬೇಕಾದ ಕೆಲಸಗಳು.

18 ತಿಂಗಳ ಗಡುವು ಮುಗಿಯುವ 2027ರ ಮೇ ತಿಂಗಳು ನಮ್ಮ ಶಾಲೆಗಳಿಗೆ ಬೇಸಿಗೆ ರಜೆಯ ಕಾಲ. ರಜೆ ಕಳೆದು ಬಾಗಿಲು ತೆರೆಯುವಾಗ ಮಕ್ಕಳು ಸೇರುವುದು ಹೊಸ ನಿಯಮ ಪೂರ್ತಿ ಜಾರಿಯಲ್ಲಿರುವ ಮೊದಲ ಶೈಕ್ಷಣಿಕ ವರ್ಷಕ್ಕೆ. ಆ ವರ್ಷದ ದಾಖಲಾತಿ ಅರ್ಜಿಗಳು ಅದಕ್ಕೂ ಮೊದಲೇ ಅಚ್ಚಾಗಿರುತ್ತವೆ; ಸಂಘಗಳ ಫೋಟೊಗೆ ಪ್ರತ್ಯೇಕ ಒಪ್ಪಿಗೆಯ ಹಾಳೆ, ಅದರಲ್ಲಿ 'ಬೇಡ' ಎಂಬುದಕ್ಕೂ ಒಂದು ಚೌಕ ಇರಬೇಕಾದರೆ ಎಸ್‌ಡಿಎಂಸಿಗಳು ಮತ್ತು ಆಡಳಿತ ಮಂಡಳಿಗಳು ಅಚ್ಚಿಗೆ ಕಳುಹಿಸುವ ಮೊದಲೇ ಅದನ್ನು ತೀರ್ಮಾನಿಸಬೇಕು.